ಕಂಬಳಿಗೆ ಮೈಲಿಗೆಯಿಲ್ಲ

ಬಿಸಿಲಿಗೆ ಹಾಕೋಣವೆಂದು ಮೊನ್ನೆ ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ಕರಿಕಂಬಳಿಯನ್ನು ಹೊರಗೆಳೆದೆ. ನುಸಿಗುಳಿಗೆಯ ವಾಸನೆ, ಅದರ ಕೆಳಗೆ ಕುರಿಯ ವಾಸನೆ, ಅದಕ್ಕೂ ಕೆಳಗೆ ಇನ್ನೂ ಸಾಯದ ನೀಲಗಿರಿ ಎಣ್ಣೆಯ ವಾಸನೆ. ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಮಹಡಿ ಮನೆಯ ಸಿಂಚನ ಒಂದು ಬಣ್ಣದ ಪುಸ್ತಿಕೆ ಹಿಡಿದುಕೊಂಡು ಬಂದಳು. ಹುಡುಗಿ ಫಿಸಿಯೋಥೆರಪಿ ಓದಲು ಹೊರದೇಶಕ್ಕೆ ಹೊರಟಿದ್ದಾಳೆ. ಹಾಸನದಲ್ಲಿ ಮಕ್ಕಳನ್ನು ವಿದೇಶಕ್ಕೆ ಕಳಿಸುವ ಕಚೇರಿಯೊಂದು ಅವಳಿಗೆ ಆ ಪುಸ್ತಿಕೆ ಕೊಟ್ಟಿದೆ.

"ಅಜ್ಜಿ, ನೀವು ಆ ಕಾಲದಲ್ಲೇ ಹೋಗಿ ಬಂದವರಲ್ವಾ? ಇದನ್ನ ಒಂಚೂರು ನೋಡಿ, ಏನಾದ್ರೂ ಬಿಟ್ಟುಹೋಗಿದೆಯಾ ಹೇಳಿ" ಎಂದಳು.

ನೋಡಿದೆ. ನೋಡಿದ ಮೇಲೆ ನನಗೆ ಬಂದ ಕೋಪವನ್ನು ನಿಮ್ಮ ಮುಂದೆ ಹೇಳದೆ ಇನ್ನಾರ ಮುಂದೆ ಹೇಳಲಿ? ಕುಕ್ಕರ್ ತೆಗೆದುಕೊಂಡು ಹೋಗಿ ಎಂದು ಬರೆದಿದ್ದಾರೆ. ಅಲ್ಲಿಯ ಗೋಡೆಯ ತೂತಿಗೆ ಹೊಂದುವ ಪ್ಲಗ್ಗು ತೆಗೆದುಕೊಂಡು ಹೋಗಿ ಎಂದು ಬರೆದಿದ್ದಾರೆ. ರೋಗಿಯ ಎದುರು ನಗುಮುಖದಿಂದಿರಿ ಎಂದೂ ಬರೆದಿದ್ದಾರೆ, ಪುಣ್ಯಾತ್ಮರು. ಓದುವ ವಿದ್ಯೆಯೋ ಇನ್ನೊಬ್ಬರ ಮೈ ಮುಟ್ಟುವ ವಿದ್ಯೆ. ಮುಟ್ಟುವುದರ ಬಗ್ಗೆ ಒಂದೇ ಒಂದು ಸಾಲಿಲ್ಲ! ಈಜು ಕಲಿಯಲು ಹೋಗುವವನಿಗೆ ಟವೆಲ್ಲಿನ ಬಣ್ಣ ಹೇಳಿ ನೀರಿನ ಮಾತನ್ನೇ ಎತ್ತದ ಹಾಗೆ.

ಅದಕ್ಕೇ ಅವಳನ್ನು ಚಾಪೆಯ ಮೇಲೆ ಕೂರಿಸಿದೆ. ನೀವೂ ಕೂತುಕೊಳ್ಳಿ. ಉಪದೇಶ ಮಾಡುವುದು ನನ್ನ ಚಟ. ಕೇಳದವರಿಗೂ ಮಾಡುತ್ತೇನೆ, ಇವಳು ಕೇಳಿಯೇ ಬಂದಿದ್ದಳು, ಬಿಡುತ್ತೇನೆಯೇ?

ನಮ್ಮವ್ವ ಕೊಣನೂರು ಸಂತೆಯಲ್ಲಿ ಈಚಲು ಪೊರಕೆ, ಕತ್ತದ ಹಗ್ಗ ಮಾರುತ್ತಿದ್ದಳು. ನಮ್ಮದು ಊರ ಹೊರಗಿನ ಕೇರಿ. ಕೊಳ್ಳುವವರು ಅವ್ವನ ಕೈಯಿಂದ ಪೊರಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವಳು ನೆಲಕ್ಕಿಡಬೇಕು, ಹಿಂದೆ ಸರಿಯಬೇಕು, ಆಮೇಲೆ ಅವರು ಬಗ್ಗಿ ಎತ್ತಿಕೊಳ್ಳಬೇಕು. "ಬಗ್ಗಲಿ ಬುಡು ಮಗ, ಅಂಗಾದ್ರೂ ನನ್ ಮುಂದೆ ಬಗ್ತಾರಲ್ಲ" ಎಂದು ನಗುತ್ತಿದ್ದಳು ಅವ್ವ. ನನಗೆ ಮಾತ್ರ ಆಗಲೂ ನಗು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಆದರೆ ಚೌಕಾಸಿ ಮಾಡುವುದನ್ನು ನಾನು ಕಲಿತದ್ದು ಅಲ್ಲಿಯೇ. ಅವ್ವನ ಸೂತ್ರ ಬಹಳ ಸರಳ: "ಎದುರಿಗಿರೋನ್ತಾವ ಪೂರಾ ಒಂದೇ ಸಲ ಕೇಳ್ಬ್ಯಾಡ ಕಣವ್ವ. ಹಗ್ಗದ ಗಂಟು ಬುಡ್ಸೋ ಅಂಗೆ ಒಂದೊಂದೇ ಎಳೆ ಬುಡುಸು. ಕಡೇ ಎಳೆ ಅವ್ನೇ ಬುಟ್ಬುಡ್ತಾನೆ." ಹೊಳೆನರಸೀಪುರದಲ್ಲಿ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿದ್ದು ಈ ಸೂತ್ರದಿಂದಲೇ. ನರ್ಸಿಂಗ್ ಕಲಿತದ್ದೂ ಇದರಿಂದಲೇ. ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ಇಂಗ್ಲೆಂಡಿಗೆ ಹೊರಟದ್ದೂ ಇದರಿಂದಲೇ. ಐವತ್ತರ ದಶಕದ ಕೊನೆಯ ವರ್ಷಗಳು. ಈಗ ನೀವು ಫಿಸಿಯೋಥೆರಪಿ ಎನ್ನುವ ಅಂಗಚಿಕಿತ್ಸೆ ಎಂಬ ವಿದ್ಯೆಯೊಂದಿದೆ ಎಂಬುದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. "ಕೈಕಾಲು ನೀವೋದ ಕಲ್ಯಕ್ಕೆ ಅಷ್ಟು ದೂರ ಓಗ್ಬೇಕಾ?" ಎಂದು ಕೇರಿಯೆಲ್ಲ ನಕ್ಕಿತು.

ಹೊರಡುವಾಗ ನನಗೂ ಬುದ್ಧಿ ಹೇಳುವವರು ಕಡಿಮೆಯಿರಲಿಲ್ಲ. ಅರಕಲಗೂಡಿನ ದರ್ಜಿಯೊಬ್ಬರು, ಕೋಟು ಹೊಲಿಸಿಕೊಂಡು ಹೋಗದಿದ್ದರೆ ಹಡಗಿಗೇ ಹತ್ತಿಸಿಕೊಳ್ಳುವುದಿಲ್ಲವೆಂದು ಹೆದರಿಸಿ, ಹೆಂಗಸರ ಕೋಟನ್ನು ಕಣ್ಣಲ್ಲೂ ಕಾಣದೆ ಒಂದನ್ನು ಹೊಲಿದರು. ಅದನ್ನು ತೊಟ್ಟರೆ ಕೈ ಮೇಲಕ್ಕೇಳುತ್ತಿರಲಿಲ್ಲ. ಕೈ ಮೇಲೆತ್ತಿಸುವ ವಿದ್ಯೆ ಕಲಿಯಲು ಹೊರಟವಳಿಗೆ ಮೊದಲ ರೋಗಿ ನಾನೇ ಆದೆ. ಬೆಚ್ಚನೆಯ ಕೋಟನ್ನು ಅಲ್ಲಿಯೇ, ಯಾರೋ ತೊಟ್ಟುಬಿಟ್ಟದ್ದನ್ನು ಕೊಳ್ಳಿ. ಚಳಿ ಅವರದು, ಅದಕ್ಕೆ ಮದ್ದೂ ಅವರಿಗೇ ಗೊತ್ತು. ಅವ್ವ ಮಾತ್ರ ಉಪದೇಶ ಮಾಡಲಿಲ್ಲ. ಸಂತೆಯಲ್ಲಿ ಕುರುಬರ ಹತ್ತಿರ ಬಡಿದಾಡಿ ಈ ಕರಿಕಂಬಳಿ ತಂದಳು. "ಒದ್ಕೊ. ನಮ್ ಜನ ಮುಟ್ಟಿದ್ರೂ ಮೈಲ್ಗೆ ಆಗ್ದೇ ಇರೋದು ಅಂದ್ರೆ ಕಂಬ್ಳಿ ಒಂದೇಯ" ಎಂದಳು. ಉಣ್ಣೆಗೆ ಮೈಲಿಗೆ ತಗಲುವುದಿಲ್ಲ ಎಂಬುದು ನಮ್ಮ ಕಡೆಯ ಶಾಸ್ತ್ರ. ಕುರಿಗಿರುವ ಭಾಗ್ಯ!

ಅಲ್ಲಿ ಮೊದಲ ದಿನವೇ ಒಂದು ವಿಚಿತ್ರ ನಡೆಯಿತು. ಆ ಶಾಲೆಯಲ್ಲಿ ವಿದ್ಯಾರ್ಥಿಗಳು ಒಬ್ಬರ ಮೈಮೇಲೆ ಒಬ್ಬರು ಕಲಿಯಬೇಕು. ನನ್ನ ಜೊತೆಗೆ ಹಾಕಿದ ಹುಡುಗಿ ಬಂದವಳೇ, ಮಾತಿಲ್ಲ ಕತೆಯಿಲ್ಲ, ತನ್ನ ಪಾದವನ್ನು ತೆಗೆದು ನನ್ನ ತೊಡೆಯ ಮೇಲಿಟ್ಟಳು. ಗಳಿಗೆ ಬಿಟ್ಟು ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಯಾವ ಊರು, ಯಾವ ಕೇರಿ ಎಂದು ಕೇಳಲಿಲ್ಲ. ಕೇಳಿದ್ದು ಒಂದೇ, "ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ?" ಎಂದು. ಆ ದಿನದಿಂದ ಯಾರನ್ನು ಮುಟ್ಟುವ ಮೊದಲೂ ಅಂಗೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ಇದನ್ನು ಪುಸ್ತಿಕೆಯ ಮೊದಲ ಪುಟದಲ್ಲಿ ಹಾಕಬೇಕಿತ್ತು.

ಹಾಗೆಂದು ಅಲ್ಲಿ ಸ್ವರ್ಗವಿತ್ತು ಎಂದುಕೊಳ್ಳಬೇಡಿ. ಬಾಡಿಗೆ ಕೋಣೆ ಕೇಳಲು ಹೋದರೆ ಬಾಗಿಲು ತೆರೆದ ಹೆಂಗಸು ನನ್ನ ಮುಖ ನೋಡಿ, "ಈಗ ತಾನೇ ಬೇರೆಯವರಿಗೆ ಕೊಟ್ಟೆ" ಎನ್ನುವಳು. ಕಿಟಕಿಯಲ್ಲಿ 'ಕೋಣೆ ಖಾಲಿ ಇದೆ' ಎಂಬ ಚೀಟಿ ನನ್ನನ್ನೇ ನೋಡಿ ನಗುತ್ತಿರುವುದು. ಇಲ್ಲಿ ಕೇರಿ ಕೇಳಿ ಬಾಗಿಲು ಹಾಕುತ್ತಿದ್ದರು. ಅಲ್ಲಿ ಕೇಳುವ ಶ್ರಮವನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಚರ್ಮ ನೋಡಿದರೆ ಸಾಕು. ಕಡೆಗೆ ಮಂಡಿನೋವಿದ್ದ ಮುದುಕಿಯೊಬ್ಬಳನ್ನು ಹುಡುಕಿದೆ. ಮಂಡಿಗೆ ದಿನವೂ ವ್ಯಾಯಾಮ ಮಾಡಿಸುತ್ತೇನೆ, ನೀನು ನನಗೆ ಒಂದು ಕೋಣೆಯನ್ನೂ ಅಡುಗೆಮನೆಯನ್ನೂ ಬಿಟ್ಟುಕೊಡು ಎಂದು ಎಳೆ ಬಿಡಿಸಿದೆ. ಒಪ್ಪಿದಳು. ಅಂಗಚಿಕಿತ್ಸೆ ಓದಲು ಹೋಗುವವರು ನೆನಪಿಡಿ: ಮನೆ ಹುಡುಕುವಾಗ ಗೋಡೆ ನೋಡಬೇಡಿ, ಮನೆಯೊಡತಿ ಮೆಟ್ಟಿಲನ್ನು ಹೇಗೆ ಇಳಿಯುತ್ತಾಳೆ ನೋಡಿ.

ನೋಡಿ, ಎಲ್ಲಿಗೋ ಹೋದೆ. ನಾನು ಹೇಳಬೇಕೆಂದಿದ್ದು ಹಿಂದಿರುಗಿ ಬಂದ ಮೇಲಿನದು. ಹೋಗುವ ದಾರಿಯನ್ನು ಎಲ್ಲರೂ ಹೇಳುತ್ತಾರೆ. ಬಂದ ಮೇಲೆ ಏನು ಎಂದು ಯಾರೂ ಹೇಳುವುದಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನಾನು ಹಾಸನಕ್ಕೆ ಬಂದೆ. ಒಬ್ಬ ಡಾಕ್ಟರು ತಮ್ಮದೇ ಆಸ್ಪತ್ರೆ ನಡೆಸುತ್ತಿದ್ದರು. ನನ್ನ ಕಾಗದಗಳನ್ನು ನೋಡಿ, ಹಿತ್ತಿಲ ಕಡೆಯ ಹಳೆ ಉಗ್ರಾಣ ತೋರಿಸಿ, "ಇದೇ ನಿಮ್ಮ ವಿಭಾಗ" ಎಂದರು. ಬೆನ್ನ ಹಿಂದೆ ಮಾತ್ರ ನನ್ನನ್ನು ಆಸ್ಪತ್ರೆಯೆಲ್ಲ, ಮೈ ತಿಕ್ಕುವವಳೆಂದು, 'ಮಾಲೀಸಮ್ಮ' ಎನ್ನುತ್ತಿತ್ತು. ಬಾಗಿಲಿಗೊಂದು ಬೋರ್ಡು ಹಾಕಿಸಿ ಎಂದು ಕೇಳಿದೆ. ಬೋರ್ಡಿಲ್ಲದಿದ್ದರೆ ರೋಗಿಗಳು ಬರುವುದಿಲ್ಲ, ರೋಗಿಗಳು ಬರದಿದ್ದರೆ ನಾನು ಕಲಿತದ್ದಕ್ಕೆ ತುಕ್ಕು. ಡಾಕ್ಟರು ಕನ್ನಡಕ ಒರೆಸಿಕೊಂಡು ಹೇಳಿದರು:

"ಚನ್ನರಾಯಪಟ್ಟಣದ ಕಡೆಯ ಪಟೇಲರೊಬ್ಬರು ಬರ್ತಾರೆ. ಗಾಡಿಯಿಂದ ಬಿದ್ದು ಬಲಗೈ ಮೊಣಕೈ ಹತ್ರ ಮುರಿದಿತ್ತು. ನಾನೇ ಪ್ಲಾಸ್ಟರ್ ಹಾಕಿ ಬಿಚ್ಚಿದೀನಿ. ಮೂಳೆ ಕೂಡಿದೆ, ಕೈ ಮಾತ್ರ ಏಳ್ತಿಲ್ಲ. ಅವರ ಕೈ ಬರಿಸಿ, ಬೋರ್ಡು ಹಾಕ್ಸೋಣ. ಬರ್ಲಿಲ್ವೋ, ವಾರ್ಡಿನಲ್ಲಿ ಹಾಸಿಗೆ ಬದಲಾಯಿಸೋರು ಕಮ್ಮಿ ಇದ್ದಾರೆ, ಅಲ್ಲಿಗೆ ಹೋಗಿ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಊರು ಕೇಳಿದ್ರೆ ಸುಮ್ಮನೆ ಹಾಸನ ಅಂದ್ಬಿಡಿ. ಕೇರಿಗೀರಿ ವಿಷಯ ಯಾಕೆ ಬೇಕು" ಎಂದರು.

ಒಳ್ಳೆಯ ಮನುಷ್ಯ ಎಂದು ಹೆಸರಾದವರು ಇಂಥ ಮಾತನ್ನು ಎಷ್ಟು ಮೆತ್ತಗೆ ಆಡುತ್ತಾರೆ ನೋಡಿ! ಮೈ ಉರಿದುಹೋಯಿತು. ನನ್ನ ಕಲಿಕೆ ಬೇಕು, ಕಲಿತವಳ ಹುಟ್ಟು ಬೇಡ.

ಪಟೇಲರು ಹೆಂಡತಿ ನಂಜಮ್ಮನವರೊಂದಿಗೆ ಬಂದರು. ಒಳ್ಳೆಯ ಎತ್ತರದ ಆಳು, ಹೆಗಲ ಮೇಲೆ ಬಿಳಿ ವಸ್ತ್ರ, ಬಲಗೈಯನ್ನು ಎದೆಗವಚಿಕೊಂಡಿದ್ದರು. ಅನ್ನದ ತುತ್ತನ್ನು ಹೆಂಡತಿ ಬಾಯಿಗಿಡಬೇಕಾಗಿತ್ತು. ಅದಕ್ಕೆ ಅವರಿಗಿದ್ದ ನಾಚಿಕೆ ಮುಖದಲ್ಲೇ ಕಾಣುತ್ತಿತ್ತು. ಕೂತವರೇ ಕೇಳಿದರು:

"ಯಾವೂರಮ್ಮ ನಿಂದು?"

"ಕೊಣನೂರ ಕಡೆ."

"ಕೊಣ್ನೂರ್ನಲ್ಲಿ ಯಾರ ಪೈಕಿ?"

"ಸಂತೇಲಿ ಪೊರಕೆ ಮಾರ್ತಾರಲ್ಲ, ಅವರ ಮಗಳು."

ಅವರು ಎದ್ದು ನಿಂತರು. "ನಡ್ಯೇ, ಓಗಾನ" ಎಂದರು ಹೆಂಡತಿಗೆ.

ನಂಜಮ್ಮನವರು ಏಳಲಿಲ್ಲ. "ಓಗಿ. ಓಗ್ಬುಟ್ಟು ರಾತ್ರಿಕೆ ನಿಮ್ ಬಾಯ್ಗೆ ಯಾರ್ ಕೈಲಿ ತುತ್ ಇಡುಸ್ಕೊತೀರೋ ಇಡುಸ್ಕೊಳಿ. ನನ್ ಕೈ ಸೋತೋಯ್ತು. ಮೊಮ್ಮಗೀಗೆ ಉಣ್ಸೋದಾ, ನಿಮ್ಗೆ ಉಣ್ಸೋದಾ?" ಎಂದು ಕುಳಿತೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಗುಟ್ಟು ಹೇಳುವವರ ಹಾಗೆ, "ಒಂದ್ ಕಂಬ್ಳಿ ಆಸ್ಕೊಂಡು ಮುಟ್ಟವ್ವ. ಕಂಬ್ಳಿಗೆ ಮೈಲ್ಗೆ ಇಲ್ಲ" ಎಂದರು.

ಪಟೇಲರು ನಿಂತೇ ಯೋಚಿಸಿದರು. ಆಸ್ಪತ್ರೆಯಲ್ಲಿ ಕಂಬಳಿಯಿರಲಿಲ್ಲ. ನನ್ನ ಕೋಣೆಯಿಂದ ನನ್ನ ಕಂಬಳಿಯನ್ನು ತಂದೆ. ಇದೇ ಕಂಬಳಿ! ಅವ್ವ ತಂದದ್ದು, ಹಡಗಿನಲ್ಲಿ ನನ್ನ ಜೊತೆ ಹೋಗಿ ಬಂದದ್ದು, ಅಲ್ಲಿದ್ದಷ್ಟು ಚಳಿಗಾಲವೂ ನಾನು ಹೊದ್ದು ಮಲಗಿದ್ದು. ಅದನ್ನು ಪಟೇಲರು ತಮ್ಮ ತೋಳಿನ ಮೇಲೆ ತಾವೇ ಸರಿಯಾಗಿ ಹೊದಿಸಿಕೊಂಡು, ಈಗ ಮುಟ್ಟಬಹುದು ಎಂಬಂತೆ ಗೋಡೆ ನೋಡುತ್ತ ಕೂತರು. ಯಾರ ಕಂಬಳಿ ಎಂದು ಕೇಳಲಿಲ್ಲ. ನನ್ನ ಕೈ ಆಗದು, ನನ್ನ ಹೊದಿಕೆ ಆಗುತ್ತದೆ! ಈ ಶಾಸ್ತ್ರವನ್ನು ಮಾಡಿದವನು ಎದುರಿಗೆ ಸಿಕ್ಕರೆ ಅವನ ತಲೆಯ ಕೀಲು ಎಲ್ಲಿ ಹಿಡಿದುಕೊಂಡಿದೆ ಎಂದು ಪರೀಕ್ಷೆ ಮಾಡಬೇಕೆಂದು ನನಗೆ ಇವತ್ತಿಗೂ ಆಸೆ.

ಆದರೆ ಕಂಬಳಿಯ ಮೇಲಿಂದ ಸ್ನಾಯು ನೋಡುವುದೆಂದರೆ ಮೂಟೆಯ ಮೇಲಿಂದ ಅಕ್ಕಿ ನೋಡಿದ ಹಾಗೆ. ಒಳಗೆ ಅದು ಬಿಗಿಯುತ್ತಿದೆಯೋ ಸುಮ್ಮನಿದೆಯೋ ಬೆರಳಿಗೆ ತಿಳಿಯಬೇಕು. ನಾನು ಅವ್ವನ ಸೂತ್ರ ಹಿಡಿದೆ. ಕೆಲವು ದಿನ ಕಂಬಳಿಯಲ್ಲೇ ನಡೆಸಿದೆ. ಬೇಸಿಗೆ ಏರಿತು. "ಈ ಶೆಕೇಲಿ ಕಂಬಳಿ ಚುಚ್ಚುತ್ತಲ್ವಾ ಪಟೇಲ್ರೇ, ನಿಮ್ಮ ಮನೆಯ ಮಡಿ ಪಂಚೆಯನ್ನೇ ತನ್ನಿ, ಅದಕ್ಕೇನು ದೋಷ" ಎಂದೆ. ತಂದರು, ನಾಲ್ಕು ಮಡಿಕೆ ಮಾಡಿ ಹೊದಿಸಿಕೊಂಡರು. ಮುಂದೆ ಒಂದು ದಿನ, "ಮಡಿಕೆ ಜಾಸ್ತಿಯಾದರೆ ಬಿಸಿನೀರ ಚೀಲದ ಕಾವು ಇಳಿಯೋದಿಲ್ಲ" ಎಂದು ಮಡಿಕೆ ಇಳಿಸಿದೆ. ಕಡೆಗೆ ಒಂದು ಪದರಕ್ಕೆ ತಂದು ನಿಲ್ಲಿಸಿದೆ. ಅಲ್ಲಿಂದ ಮುಂದೆ ಮಾತ್ರ ಅವರು ಜಗ್ಗಲಿಲ್ಲ. "ಇನ್ನೂ ಕೆಳಿಕ್ಕೆ ಬರ್ಬ್ಯಾಡ ಕಣಮ್ಮ. ಇಷ್ಟು ಬಂದಿರೋದೇ ಎಚ್ಚು" ಎಂದರು. ಸಂತೆಯಲ್ಲಿ ಕಡೆಯ ಮಾತು ಆಡುವ ದನಿ ನನಗೆ ಗೊತ್ತು. ಆ ಒಂದು ಪದರಕ್ಕೇ ಒಪ್ಪಿದೆ.

ಇಲ್ಲಿ ಒಂದು ಬುದ್ಧಿಮಾತು. ನಿಮ್ಮನ್ನು ಮಾಲೀಸಮ್ಮ ಎಂದು ಕರೆಯುವವರು ಮೊಣಕೈಯನ್ನು ಚೆನ್ನಾಗಿ ತಿಕ್ಕಿ, ಎಳೆದು ಬಗ್ಗಿಸಿ ಎಂದು ಒತ್ತಾಯ ಮಾಡುತ್ತಾರೆ. ಡಾಕ್ಟರೂ ಮಾಡುತ್ತಿದ್ದರು. ಮಾಡಕೂಡದು. ಮೈಯ ಬೇರೆ ಕೀಲುಗಳು ಒರಟುತನವನ್ನು ಕ್ಷಮಿಸಿಯಾವು, ಮೊಣಕೈ ಕ್ಷಮಿಸುವುದಿಲ್ಲ. ಬಲವಂತ ಮಾಡಿದರೆ ಊದಿಕೊಂಡು ಇನ್ನಷ್ಟು ಬಿಗಿಯುತ್ತದೆ. ರೋಗಿಯೇ ತನ್ನ ಶಕ್ತಿಯಿಂದ ಎತ್ತಬೇಕು. ನಾನು ಬಾಗಿಲ ತೊಲೆಗೆ ಬಾವಿಯ ರಾಟೆಯೊಂದನ್ನು ಕಟ್ಟಿ, ಅವ್ವ ಹೊಸೆದ ಹಗ್ಗ ಹಾಕಿ, ಎಡಗೈಯಲ್ಲಿ ಎಳೆದರೆ ಬಲಗೈ ಏಳುವ ಹಾಗೆ ಮಾಡಿದ್ದೆ. ಹಗ್ಗ ಎಳೆದಾಗ ಬಲಗೈ ಬಾಯಿಯ ಮಟ್ಟಕ್ಕೆ ಬರುತ್ತಿತ್ತು. ಹಗ್ಗ ಬಿಟ್ಟು "ಈಗ ನೀವೇ ಎತ್ತಿ" ಎಂದರೆ, ಎದೆಗವಚಿಕೊಂಡು ಕೂತುಬಿಡುತ್ತಿದ್ದರು. ಕೀಲು ಬಿಟ್ಟಿತ್ತು, ಭಯ ಬಿಟ್ಟಿರಲಿಲ್ಲ. "ಮತ್ತೆ ಮುರ್ದೋಯ್ತದೆ, ನಂಗೊತ್ತು" ಎನ್ನುವರು. ನಂಜಮ್ಮನವರು, "ಮುರ್ದೋಗೋದು ನಿಮ್ ಜಂಬ ಒಂದೇಯ" ಎನ್ನುವರು.

ಡಾಕ್ಟರು ಬಾಗಿಲಲ್ಲಿ ಇಣುಕಿದರು. "ಈ ವಾರ ನೋಡೋಣ. ಆಗದಿದ್ರೆ ವಾರ್ಡಿನ ಕೆಲಸ ನೋಡ್ಕೊಳ್ಳಿ" ಎಂದು ಹೇಳಿ ಹೋದರು. ಅಷ್ಟು ದೂರ ಹೋಗಿ, ಅಷ್ಟು ಬಾಗಿಲು ತಟ್ಟಿ ಕಲಿತದ್ದು ಹಾಸಿಗೆ ಕೊಡವುವುದಕ್ಕೆ ಹೋಗಿ ನಿಂತಿತೇ ಎಂದು ರಾಟೆಯ ಹಗ್ಗದ ಗಂಟನ್ನು ಸಿಟ್ಟಿನಿಂದ ಬಿಗಿದೆ. ಹಾಸಿಗೆ ಕೊಡವುವ ಕೆಲಸ ಕೀಳೆಂದಲ್ಲ. ನನ್ನ ಕೈಯನ್ನು ಹಾಸಿಗೆ ಮುಟ್ಟಬಹುದು, ಮನುಷ್ಯ ಮುಟ್ಟಬಾರದು ಎಂದಾಯಿತಲ್ಲ, ಅದಕ್ಕೆ.

ಅವತ್ತು ಪಟೇಲರು ಎತ್ತರದ ಮಂಚದ ಮೇಲೆ ಕೂತಿದ್ದರು. ನಾನು ಎದುರಿಗೆ ಮಣೆಯಂಥ ಗಿಡ್ಡ ಸ್ಟೂಲಿನ ಮೇಲೆ ಕೂತು ಬಿಸಿನೀರ ಚೀಲದ ಬಾಯಿ ಕಟ್ಟುತ್ತಿದ್ದೆ. ಕಾಲು ಜೋಮು ಹಿಡಿಯಿತೋ ಏನೋ, ಅವರು ಕಾಲನ್ನು ಸಡಿಲಿಸಿ ಮುಂದಕ್ಕೆ ಚಾಚಿದರು. ಪಾದ ಬಂದು ನನ್ನ ಹೆಗಲಿಗೆ ತಾಕಿತು.

ಕಾಲು ತಾಕಿದರೆ ನಮ್ಮ ಕಡೆ ಏನು ಮಾಡುತ್ತಾರೆ? ನಿಮಗೆ ಗೊತ್ತೇ ಇದೆ. ತಾಕಿದವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬಲಗೈಯಲ್ಲೇ, ಎಡಗೈ ನಡೆಯದು. ನಡೆಯಲು ಕಲಿಯುವ ಮೊದಲೇ ತಾಯಂದಿರು ಮಕ್ಕಳ ಕೈ ಹಿಡಿದು ಇದನ್ನು ಕಲಿಸಿರುತ್ತಾರೆ. ನಮ್ಮ ಕೇರಿಯವರಿಗೆ ಮಾತ್ರ ಅದನ್ನು ಯಾರೂ ಮಾಡುತ್ತಿರಲಿಲ್ಲ. ಅವರ ಕಾಲು ನಮಗೆ ತಾಕಿದರೆ ತಪ್ಪಾಯಿತು ಎನ್ನಬೇಕಾದವರು ನಾವು.

ಪಾದ ತಾಕಿದ್ದೇ ತಡ, ಪಟೇಲರು ಮುಂದಕ್ಕೆ ಬಗ್ಗಿದರು, ಬಲಗೈ ಎದೆಯಿಂದ ಬಿಟ್ಟುಕೊಂಡು ಬಂತು. ಬರಿಗೈ. ತೋಳಿನ ಮೇಲಿದ್ದ ಪಂಚೆಯ ಒಂಟಿ ಪದರ ಜಾರಿ ನೆಲಕ್ಕೆ ಬಿತ್ತು. ಕೈ ನನ್ನ ಹೆಗಲನ್ನು ಮುಟ್ಟಿತು, ಮೊಣಕೈ ಮಡಿಚಿಕೊಂಡಿತು, ಎದ್ದಿತು, ಬೆರಳುಗಳು ಹೋಗಿ ಎರಡೂ ಕಣ್ಣಿಗೆ ಒತ್ತಿಕೊಂಡವು. ಬಾಯಿಯ ಮಟ್ಟ ದಾಟಿ ಕಣ್ಣಿನ ಮಟ್ಟಕ್ಕೆ! ರಾಟೆಯಿಲ್ಲ, ಹಗ್ಗವಿಲ್ಲ.

ಕೈ ಕಣ್ಣಿನ ಹತ್ತಿರವೇ ನಿಂತುಬಿಟ್ಟಿತು. ಪಟೇಲರು ಬೆರಳುಗಳ ಸಂದಿಯಿಂದ ನನ್ನನ್ನು ನೋಡಿದರು. ಕೇರಿ ಯಾವುದು ಎಂದು ಕೈ ಕೇಳಿರಲಿಲ್ಲ. ಕಣ್ಣಿಗೆ ಈಗ ನೆನಪಾಯಿತು.

"ಅಯ್ಯೋ ನಮ್ಮಪ್ಪನೇ, ಕೈ ಎದ್ದೋಯ್ತಲ್ರೀ!" ಎಂದು ನಂಜಮ್ಮನವರು ಕೂಗಿಕೊಂಡರು.

ಪಟೇಲರು ಮೆಲ್ಲಗೆ ಕೈ ಇಳಿಸಿದರು. ಮುಖ ಕೆಂಪಾಗಿತ್ತು. "ನೀರ್ ತತ್ತಾ" ಎಂದರು ಹೆಂಡತಿಗೆ.

ನನಗೆ ಅರ್ಥವಾಯಿತು. ತೊಳೆದುಕೊಳ್ಳಬೇಕು! ನನ್ನನ್ನು ಮುಟ್ಟಿದ ಕೈಯನ್ನು, ಆ ಕೈ ಮುಟ್ಟಿದ ಕಣ್ಣನ್ನು. ಅಷ್ಟು ದಿನ ನುಂಗಿಕೊಂಡಿದ್ದ ಸಿಟ್ಟು ನೆತ್ತಿಗೇರಿತು. ಬೈದು ಎದ್ದುಹೋಗಬೇಕೆನ್ನಿಸಿತು. ಆದರೆ ನಾನು ಸಂತೆಯಲ್ಲಿ ಬೆಳೆದವಳು. ಎದುರಿನವನು ಸೋತಾಗ ಎದ್ದುಹೋಗುವವಳು ವ್ಯಾಪಾರ ಕಲಿತವಳಲ್ಲ.

ನಂಜಮ್ಮನವರು ಚೊಂಬಿನಲ್ಲಿ ನೀರು ತಂದರು. ಪಟೇಲರು ಎಡಗೈ ಚಾಚಿದರು.

"ಎಡಗೈಯಲ್ಲಿ ಆಗಲ್ಲ ಪಟೇಲ್ರೇ" ಎಂದೆ. "ಮುಟ್ಟಿದ್ದು ಬಲಗೈ. ಕಣ್ಣಿಗೂ ಒತ್ತಿಕೊಂಡಿದ್ದೀರಿ, ಮುಖಾನೂ ತೊಳೀಬೇಕು. ಬಲ ಅಂಗೈನೇ ಗುಳಿ ಮಾಡಿ ನೀರು ಎತ್ತಿ, ಮುಖಕ್ಕೆ ಹಾಕ್ಕೊಳ್ಳಿ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಬೇರೆ ದಾರಿಯಿರಲಿಲ್ಲ. ನಂಜಮ್ಮನವರು ನೀರು ಹುಯ್ದರು, ಬಲಗೈ ಎದ್ದಿತು, ಮುಖಕ್ಕೆ ನೀರು ಬಿತ್ತು.

"ಒಂದು" ಎಂದೆ ಗಟ್ಟಿಯಾಗಿ. ವ್ಯಾಯಾಮಕ್ಕೆ ಎಣಿಸುವ ದನಿಯಲ್ಲಿ.

"ಎಣಿಸ್ಬ್ಯಾಡ ಕಣಮ್ಮ!"

"ಒಂದು ಸಲಕ್ಕೆ ಮೈಲಿಗೆ ಹೋಗೋದಿಲ್ಲ ಪಟೇಲ್ರೇ. ಇನ್ನೊಂದು. ಮೊಣಕೈ ಇನ್ನೂ ಮೇಲೆ."

ನಂಜಮ್ಮನವರು ಸೆರಗನ್ನು ಬಾಯಿಗಡ್ಡ ಹಿಡಿದುಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ, ಚೊಂಬು ಮಾತ್ರ ಅಲ್ಲಾಡುತ್ತಿತ್ತು. "ತೊಳ್ಕೊಳಿ, ತೊಳ್ಕೊಳಿ. ದಿನಾ ಬಂದು ಮುಟ್ಬುಟ್ಟು ದಿನಾ ತೊಳ್ಕೊಳಿ" ಎಂದರು. ಚೊಂಬು ಬರಿದಾಗುವವರೆಗೂ ಪಟೇಲರು ತೊಳೆದರು. ಆ ಸಂಜೆ ತುತ್ತನ್ನು ತಾವೇ ಬಾಯಿಗಿಟ್ಟುಕೊಂಡರು ಎಂದು ನಂಜಮ್ಮನವರು ಮರುದಿನ ಬಂದು ಹೇಳಿ ಹೋದರು. ಪಟೇಲರು ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಕತೆಗಳಲ್ಲಾದರೆ ಮನಸ್ಸು ಬದಲಾಗಿ ಬಂದು ಕೈಮುಗಿಯುತ್ತಾರೆ. ಇದು ಕತೆಯಲ್ಲ. ಮೊಣಕೈ ಬದಲಾಯಿತು, ಅಷ್ಟೆ.

ಡಾಕ್ಟರು ಆಸ್ಪತ್ರೆಯೆಲ್ಲ ಹೇಳಿಕೊಂಡು ತಿರುಗಿದರು: "ನೋಡಿದ್ರಾ ನನ್ನ ಪ್ಲಾಸ್ಟರು!" ನಾನು ಅವರ ಕೋಣೆಗೆ ಹೋದೆ. ಮತ್ತೆ ಮೈಯೆಲ್ಲ ಉರಿ. ಆದರೂ ಕುರ್ಚಿ ಎಳೆದುಕೊಂಡು ಕೂತು, ವ್ಯಾಪಾರ ಮುಗಿಸಿಯೇ ಎದ್ದೆ. "ಆ ತೋಳು ನಿಮ್ಮದೇ ಆಗಲಿ ಡಾಕ್ಟ್ರೇ, ನಾನು ತಕರಾರು ಮಾಡೋದಿಲ್ಲ. ಬೋರ್ಡು ನನ್ನದಾಗಲಿ. ಅದರ ಮೇಲೆ ನನ್ನ ಹೆಸರು, ಹೆಸರಿನ ಕೆಳಗೆ ನನ್ನ ಊರೂ ಇರಲಿ." ಅವರು ಊರನ್ನು ಬಿಡಿಸಲು ಬಹಳ ಎಳೆದಾಡಿದರು. ನಾನು ಬಿಡಲಿಲ್ಲ. ಬೋರ್ಡು ಬಂತು. ಕೊಣನೂರು ಎಂಬ ಅಕ್ಷರಗಳು ಸ್ವಲ್ಪ ಸಣ್ಣಗೆ ಬಂದವು, ಇರಲಿ, ಬಂದವು. ಅವ್ವ ಬಂದು ಅದರ ಕೆಳಗೆ ನಿಂತಳು. ಓದಲು ಬಾರದವಳು, "ಇದ್ರಾಗೆ ನಮ್ಮೂರು ಎಲ್ಲಯ್ತೆ ತೋರ್ಸು" ಎಂದು ಬೆರಳಿಟ್ಟು ನೋಡಿದಳು.

ಇದನ್ನೆಲ್ಲ ಕೇಳಿದ ಸಿಂಚನ ಕಂಬಳಿಯನ್ನು ಹತ್ತಿರ ಎಳೆದುಕೊಂಡು ಮೂಸಿ ನೋಡಿದಳು. ಆಮೇಲೆ ಈಗಿನ ಮಕ್ಕಳ ಜಾಣತನದಲ್ಲಿ, "ಹಾಗಾದ್ರೆ ಆ ಕಂಬಳಿ ನನಗೆ ಕೊಡಿ ಅಜ್ಜಿ" ಎಂದಳು.

"ಕೊಡೋದಿಲ್ಲ."

"ಚಳಿಗಾಲಕ್ಕೆ ಮಾತ್ರ."

"ಊಹೂಂ."

"ಓದು ಮುಗಿಸಿ ವಾಪಸ್ ತಂದುಕೊಡ್ತೀನಿ. ಒಗೆದು, ಬಿಸಿಲಿಗೆ ಹಾಕಿ."

ಎಳೆ ಬಿಡಿಸುವುದನ್ನು ನನ್ನ ಎದುರೇ ಕೂತು ನನ್ನಿಂದಲೇ ಕಲಿತುಬಿಟ್ಟಿದ್ದಳು! ಸೋತೆ. ಒಂದೇ ಕರಾರು ಹಾಕಿದೆ. ಹೊದ್ದು ಮಲಗು, ಅತ್ತರೆ ಮುಖ ಒರೆಸಿಕೋ, ಏನಾದರೂ ಮಾಡು. ನಿನ್ನ ಕೈಗೂ ರೋಗಿಯ ಮೈಗೂ ನಡುವೆ ಮಾತ್ರ ಅದನ್ನು ತರಬೇಡ. ಯಾರು ಹೇಳಿದರೂ ತರಬೇಡ. ಅಲ್ಲಿಯ ಬಿಳಿಯರು ನಿನ್ನ ಬಣ್ಣ ನೋಡಿ ಹೇಳಿದರೂ ಅಷ್ಟೇ, ನಾಳೆ ಇಲ್ಲಿ ನಿನ್ನ ಮನೆಯವರೇ ಹೇಳಿದರೂ ಅಷ್ಟೇ. ಕೊನೆಯ ಮಾತು ಹೇಳುವಾಗ ನನ್ನ ದನಿ ಗಟ್ಟಿಯಾಯಿತು. ಮಹಡಿ ಮನೆಗೆ ಬಾಡಿಗೆಗೆ ಬಂದ ವಾರವೇ ಅವಳಜ್ಜಿ ಕೆಳಗಿಳಿದು ಬಂದು, "ನೀವು ಯಾವ ಪೈಕಿ?" ಎಂದು ಕೇಳಿದ್ದರು. ಆಮೇಲೆ ಒಂದು ದಿನವೂ ನನ್ನ ಮನೆಯ ಕಾಫಿ ಕುಡಿದಿಲ್ಲ. ಹುಡುಗಿಗೆ ಅದು ಗೊತ್ತೋ ಇಲ್ಲವೋ, ನಾನು ಕೇಳಿಲ್ಲ.

ಅವಳು ಕಂಬಳಿಯನ್ನು ಎಡಕಂಕುಳಿಗೆ ಸಿಕ್ಕಿಸಿಕೊಂಡು ಚಾಪೆಯಿಂದೆದ್ದಳು. ಏಳುವಾಗ ಅವಳ ಪಾದ ನನ್ನ ಮಂಡಿಗೆ ತಾಕಿತು. ತಟ್ಟನೆ ಬಗ್ಗಿ, ಬಲಗೈಯಲ್ಲಿ ನನ್ನ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೆಳಗಿನಿಂದ ಮೂಗಿನ ತುದಿಯಲ್ಲಿ ಕೂತಿದ್ದ ನನ್ನ ಸಿಟ್ಟು ಅಲ್ಲಿಂದ ಸ್ವಲ್ಪ ಸರಿದು ಕೂತಿತು; ಹೋಗಲಿಲ್ಲ, ಸರಿಯಿತು. ಅವಳು ನೀರು ಕೇಳಲಿಲ್ಲ. ನಾನೂ ಸುಮ್ಮನೆ ಅವಳ ಮೊಣಕೈಯನ್ನೇ ನೋಡುತ್ತಿದ್ದೆ. ಪೂರ್ತಿ ಮಡಿಚಿಕೊಂಡಿತು, ಪೂರ್ತಿ ಬಿಚ್ಚಿಕೊಂಡಿತು, ಎಲ್ಲಿಯೂ ತಡೆಯಲಿಲ್ಲ.